ಬ್ಯಾಂಕಾಕ್‌ನ ಯಾವೊರಾತ್‌ಗೆ ಹೋಗ್ತೀರಾ? "ದೇವಸ್ಥಾನ ಇವತ್ತು ಮುಚ್ಚಿದೆ" ಅನ್ನುವವರನ್ನು ನಂಬಬೇಡಿ

ಬ್ಯಾಂಕಾಕ್‌ನ ಚೈನಾಟೌನ್‌ಗೆ, ಅಂದರೆ ಯಾವೊರಾತ್‌ಗೆ ಹೋಗುವವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ಅಲ್ಲಿ ನನ್ನ ಅಕ್ಕ, ಭಾವ ಒಂದು ಲಕ್ಷಕ್ಕೂ ಜಾಸ್ತಿ ದುಡ್ಡು ಕಳೆದುಕೊಂಡರು. ಯಾರೂ ಜೇಬು ಕತ್ತರಿಸಲಿಲ್ಲ. ರತ್ನದ ಅಂಗಡಿಯಲ್ಲಿ ಕೂರಿಸಿ, ಜ್ಯೂಸ್ ಕುಡಿಸಿ, ಬಿಲ್ ಕೊಟ್ಟು ತೆಗೆದುಕೊಂಡರು.

ಹುವಾ ಲಾಂಫೋಂಗ್ ಮೆಟ್ರೋದಲ್ಲಿ ಇಳಿದು ವಾಟ್ ತ್ರೈಮಿತ್ ಅನ್ನುವ ಬುದ್ಧನ ದೇವಸ್ಥಾನದ ಕಡೆ ನಡೆಯುತ್ತಿದ್ದೆವು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮಧ್ಯವಯಸ್ಸಿನವರು ತಾವಾಗಿಯೇ ಬಂದು ಮಾತಾಡಿಸಿದರು. ಇವತ್ತು ಪೂಜೆ ಇದೆ, ದೇವಸ್ಥಾನ ಮಧ್ಯಾಹ್ನದವರೆಗೆ ಮುಚ್ಚಿದೆ ಅಂದರು. ಅಷ್ಟರಲ್ಲಿ ಬೇರೆ ಒಂದೆರಡು ಜಾಗ ನೋಡಿ ಬನ್ನಿ ಅಂತ ತಾವೇ ಟುಕ್‌ಟುಕ್ ಕರೆದರು. ಬಾಡಿಗೆ ಬರೀ 20 ಬಾತ್. ಆ ದುಡ್ಡಿಗೆ ಬ್ಯಾಂಕಾಕ್‌ನಲ್ಲಿ ಯಾವ ಟುಕ್‌ಟುಕ್ಕೂ ಊರು ಸುತ್ತಿಸುವುದಿಲ್ಲ. ಚಾಲಕನಿಗೆ ಸಂಪಾದನೆ ಬರುವುದು ಅಂಗಡಿಯಿಂದ. ಗಿರಾಕಿಯನ್ನು ಒಳಗೆ ಬಿಟ್ಟರೆ ಪೆಟ್ರೋಲ್ ಕೂಪನ್, ವ್ಯಾಪಾರ ಕುದುರಿದರೆ ಕಮಿಷನ್.

ಒಂದು ಸಣ್ಣ ಗುಡಿ ತೋರಿಸಿದ. ಅಲ್ಲಿ ಇನ್ನೊಬ್ಬ "ಪ್ರವಾಸಿ" ಸಿಕ್ಕಿ, ಸರ್ಕಾರದ ರತ್ನ ಮಾರಾಟಕ್ಕೆ ಇವತ್ತೇ ಕೊನೇ ದಿನ ಅಂದ. ಅವನೂ ಅದೇ ಗುಂಪಿನವನು. ಆಮೇಲೆ ಎಸಿ ಅಂಗಡಿ. ಅಲ್ಲಿನವನಿಗೆ ನಮ್ಮವರ ಮನಸ್ಸು ಚೆನ್ನಾಗಿ ಗೊತ್ತಿತ್ತು. ಯಾವ ರಾಶಿ ಅಂತ ಕೇಳಿದ. ಶನಿ ಕಾಟಕ್ಕೆ ನೀಲ ಒಳ್ಳೆಯದು, ಇಂಡಿಯಾದಲ್ಲಿ ಇದೇ ಕಲ್ಲಿಗೆ ಮೂರು ಪಟ್ಟು ಬೆಲೆ ಅಂದ. "ಬೇಡ ಭಾವ, ಎದ್ದು ಹೋಗೋಣ" ಅಂತ ಕನ್ನಡದಲ್ಲೇ ಹೇಳಿದೆ. "ಸರ್ಕಾರದ್ದು ಕಣಮ್ಮಾ, ಸರ್ಟಿಫಿಕೇಟ್ ಕೊಡ್ತಾರೆ" ಅಂದರು. ಕಾರ್ಡ್ ಉಜ್ಜಿ ಪಿನ್ ಹಾಕಿದರು.

ಬೆಂಗಳೂರಿಗೆ ಬಂದು ಪರಿಚಯದ ಆಭರಣದ ಅಂಗಡಿಯಲ್ಲಿ ತೋರಿಸಿದೆವು. ನೀಲ ಹೌದು, ಆದರೆ ತೀರಾ ಕೆಳದರ್ಜೆಯದು. ಕೊಟ್ಟ ದುಡ್ಡಿನ ಹತ್ತನೇ ಒಂದು ಭಾಗವೂ ಬಾಳುವುದಿಲ್ಲ ಅಂದರು. ಪಿನ್ ಹಾಕಿ ಮಾಡಿದ ಖರೀದಿ ಅಂತ ಬ್ಯಾಂಕಿನವರು ದುಡ್ಡು ವಾಪಸ್ ಕೊಡಿಸಲಿಲ್ಲ. ಅಕ್ಕ ಎಷ್ಟೋ ದಿನ ಅದನ್ನೇ ನೆನೆಸಿಕೊಂಡು ಅಳುತ್ತಿದ್ದಳು. ಇದನ್ನು ಬರೆಯುತ್ತಿರುವುದೇ ಅದಕ್ಕೆ.

ಒಂದು ವಿಷಯ ನೆನಪಿಡಿ. ಥಾಯ್ ಸರ್ಕಾರ ಪ್ರವಾಸಿಗರಿಗೆ ರತ್ನ ಮಾರುವ ಅಂಗಡಿ ನಡೆಸುವುದೇ ಇಲ್ಲ. ವಾಟ್ ತ್ರೈಮಿತ್‌ನ ಬುದ್ಧನ ದರ್ಶನ ದಿನಾಲೂ ಇರುತ್ತದೆ. ಸೋಮವಾರ ರಜೆ ಇರುವುದು ಅದೇ ಕಟ್ಟಡದ ಮ್ಯೂಸಿಯಂಗೆ. ಈ ಅರ್ಧ ಸತ್ಯವೇ ಮೋಸಗಾರರಿಗೆ ಅನುಕೂಲ. ಯಾರು ಏನೇ ಹೇಳಲಿ, ಬಾಗಿಲವರೆಗೆ ನಡೆದು ಕಣ್ಣಾರೆ ನೋಡಿ.

ಆ ಬುದ್ಧನನ್ನು ನೋಡದೆ ಬಂದದ್ದು ನನಗೆ ಈಗಲೂ ಸಂಕಟ. ಸುಮಾರು ಐದೂವರೆ ಟನ್ ತೂಕದ ಚಿನ್ನದ ಮೂರ್ತಿ. ಬಹಳ ಕಾಲ ಗಾರೆಯೊಳಗೆ ಅಡಗಿತ್ತು. 1955ರಲ್ಲಿ ಜಾಗ ಬದಲಿಸುವಾಗ ಗಾರೆ ಒಡೆದು ಚಿನ್ನ ಕಂಡಿತು.

ಯಾವೊರಾತ್‌ನ ಜನರನ್ನು ಇದಕ್ಕೆ ದೂರಬೇಡಿ. 1782ರಲ್ಲಿ ಅರಮನೆ ಕಟ್ಟುವಾಗ ಆ ಜಾಗದಿಂದ ಎಬ್ಬಿಸಿದ ಚೀನೀ ವ್ಯಾಪಾರಿಗಳು ಇಲ್ಲಿಗೆ ಬಂದು ನೆಲೆಸಿದರು. ಅವರು ಕಟ್ಟಿದ ಪೇಟೆ ಇದು. ಆ ಸಂಜೆ ಸಾಂಪೆಂಗ್ ಓಣಿಯಲ್ಲಿ ಅಕ್ಕ ಬಳೆ, ಗುಂಡಿ ಕೊಂಡಳು. ಯಾರೂ ಒಂದು ಬಾತ್ ಜಾಸ್ತಿ ಕೇಳಲಿಲ್ಲ. ಸಸ್ಯಾಹಾರಿಗಳಿಗೆ ಒಂದು ಮಾತು: ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಗಾಡಿಯಲ್ಲಿ ಮಾಂಸ, ಮೊಟ್ಟೆ, ಬೆಳ್ಳುಳ್ಳಿ ಯಾವುದೂ ಹಾಕುವುದಿಲ್ಲ.

ಟುಕ್‌ಟುಕ್ ಬೇಕಾಗಿಯೇ ಇಲ್ಲ. 2019ರಿಂದ ವಾಟ್ ಮಂಗಕೊನ್‌ನಲ್ಲಿ ಮೆಟ್ರೋ ನಿಲ್ದಾಣ ಇದೆ, ಮೇಲೆ ಬಂದರೆ ಪೇಟೆಯ ನಡುವೆಯೇ ಇರುತ್ತೀರಿ. ಯಾರಾದರೂ ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಬ್ಯಾಂಕಾಕ್ ಬಿಡುವ ಮೊದಲೇ 1155ಕ್ಕೆ ಫೋನ್ ಮಾಡಿ. ಅದು ಪ್ರವಾಸಿ ಪೊಲೀಸರ ನಂಬರ್, ಇಂಗ್ಲಿಷ್‌ನಲ್ಲಿ ಮಾತಾಡಬಹುದು. ಬಿಲ್, ಕಲ್ಲು, ಅಂಗಡಿಯ ಫೋಟೋ ಇಟ್ಟುಕೊಳ್ಳಿ. ಕಲ್ಲನ್ನು ನಾವೇ ಊರಿಗೆ ಪಾರ್ಸೆಲ್ ಮಾಡುತ್ತೇವೆ ಅಂದರೆ ಒಪ್ಪಲೇಬೇಡಿ. ಕಲ್ಲು ಕೈಯಲ್ಲಿ ಇಲ್ಲದಿದ್ದರೆ ಪೊಲೀಸರ ಜೊತೆ ಹೋಗಿ ಹಿಂದಿರುಗಿಸಲು ಏನೂ ಉಳಿದಿರುವುದಿಲ್ಲ.