ಬಿದ್ರಿ ಅಂಗಡಿಯ ಜಾಲತಾಣಕ್ಕೆ ಹೆಡ್‌ಲೆಸ್ ವರ್ಡ್‌ಪ್ರೆಸ್: ಒಂದು ವರ್ಷದ ಬಳಕೆಯ ನಂತರ

ಬೀದರ್‌ನಲ್ಲಿ ತಲೆಮಾರುಗಳಿಂದ ಬಿದ್ರಿ ಕೆಲಸ ಮಾಡಿಕೊಂಡು ಬಂದಿರುವ ಒಂದು ಕುಟುಂಬಕ್ಕೆ ಕನ್ನಡ, ಉರ್ದು ಮತ್ತು ಇಂಗ್ಲಿಷ್ ಮೂರೂ ಭಾಷೆಗಳಲ್ಲಿ ಜಾಲತಾಣ ಮಾಡಿಕೊಡುವ ಕೆಲಸ ಕಳೆದ ವರ್ಷ ನನಗೆ ಬಂದಿತ್ತು. ನಾನು ಕಲಬುರಗಿಯಲ್ಲಿದ್ದು ಕೋಡ್ ಬರೆಯುವವನು. ಲೇಖನ, ಚಿತ್ರ ಮತ್ತು ಬೆಲೆಗಳನ್ನು ಹಾಕುವವರು ಬೀದರ್‌ನಲ್ಲಿರುವ ಆ ಮನೆಯ ಮಗಳು. ವಿಷಯವನ್ನು ಇಡುವುದಕ್ಕೆ ವರ್ಡ್‌ಪ್ರೆಸ್ಸನ್ನೂ, ಓದುಗರಿಗೆ ಪುಟ ತೋರಿಸುವುದಕ್ಕೆ ನೆಕ್ಸ್ಟ್‌ಜೆಎಸ್ಸನ್ನೂ ಆರಿಸಿಕೊಂಡೆವು. ವರ್ಡ್‌ಪ್ರೆಸ್ಸಿನ ಥೀಮ್ (ಪುಟದ ಸಿದ್ಧ ವಿನ್ಯಾಸ) ಬಿಟ್ಟು, ಅದರ ಎಪಿಐಯಿಂದ (ಒಂದು ತಂತ್ರಾಂಶ ಇನ್ನೊಂದಕ್ಕೆ ಮಾಹಿತಿ ಕೊಡುವ ದಾರಿ) ವಿಷಯವನ್ನು ಮಾತ್ರ ಪಡೆದು ಬೇರೆ ಕಡೆ ಪುಟ ಕಟ್ಟುವ ಈ ಕ್ರಮಕ್ಕೆ ಹೆಡ್‌ಲೆಸ್ ಎನ್ನುತ್ತಾರೆ. ಅದಕ್ಕೆ ಬೇಕಾದ ರೆಸ್ಟ್ ಎಪಿಐ 2016ರ ಡಿಸೆಂಬರ್‌ನಲ್ಲಿ ಬಂದ 4.7ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ಸಿನೊಳಗೇ ಇದೆ, ಪ್ಲಗಿನ್ ಹಾಕಬೇಕಾಗಿಲ್ಲ.

ಬರೆಯುವವರ ದೃಷ್ಟಿಯಿಂದ ನೋಡಿದರೆ ಈ ಆಯ್ಕೆಯ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಆ ಹುಡುಗಿ ಕಂಪ್ಯೂಟರ್ ಓದಿದವಳಲ್ಲ. ಆದರೂ ಎರಡು ದಿನಗಳಲ್ಲಿ ಹೊಸ ಹೂದಾನಿಯೊಂದರ ಚಿತ್ರ ಹಾಕಿ, ಕೆಳಗೆ ನಾಲ್ಕು ಸಾಲು ಬರೆದು ಪ್ರಕಟಿಸುವುದನ್ನು ಕಲಿತಳು. ಆದರೆ ಥೀಮ್ ಇದ್ದಾಗ ಸದ್ದಿಲ್ಲದೆ ನಡೆದುಹೋಗುತ್ತಿದ್ದ ಎಷ್ಟೋ ಕೆಲಸಗಳು ಹೆಡ್‌ಲೆಸ್ ಆದ ಕ್ಷಣದಿಂದ ಡೆವಲಪರ್ ಹೆಗಲಿಗೆ ಬರುತ್ತವೆ, ಮತ್ತು ತಾಣ ಕನ್ನಡ, ಉರ್ದುವಿನಲ್ಲಿದ್ದರೆ ಆ ಹೊರೆ ಇನ್ನಷ್ಟು ಹೆಚ್ಚುತ್ತದೆ. ಈ ವಿಮರ್ಶೆ ಮುಖ್ಯವಾಗಿ ಆ ಹೊರೆಯ ಬಗ್ಗೆ.

ಮೊದಲು ಎದುರಾದದ್ದು ಶೀರ್ಷಿಕೆಗಳು. ಎಪಿಐ ಕೊಡುವ ಶೀರ್ಷಿಕೆ ಎಚ್‌ಟಿಎಂಎಲ್‌ಗೆ ಸಿದ್ಧಪಡಿಸಿದ ರೂಪದಲ್ಲಿರುತ್ತದೆ; ಒಂಟಿ ಉದ್ಧರಣ ಚಿಹ್ನೆಗಳು ಅದರಲ್ಲಿ ‘ ಮತ್ತು ’ ಎಂದು ಬರುತ್ತವೆ. ಅದನ್ನು ನೇರವಾಗಿ ನೆಕ್ಸ್ಟ್‌ಜೆಎಸ್‌ನ ತಳಹದಿಯಾದ ರಿಯಾಕ್ಟ್‌ಗೆ ಕೊಟ್ಟರೆ ರಿಯಾಕ್ಟ್ ಅದನ್ನು ಬರೀ ಪಠ್ಯವೆಂದೇ ತಿಳಿದು, ಈ ಅಂಕಿಗಳನ್ನು ಹಾಗೆಯೇ ಪರದೆಯ ಮೇಲೆ ತೋರಿಸುತ್ತದೆ. ಸರಿಪಡಿಸುವುದು ಸುಲಭ, ಆದರೆ ಹುಡುಕಾಟದ ಫಲಿತಾಂಶ, ಕೊಂಡಿ ಹಂಚಿದಾಗ ಕಾಣುವ ಕಾರ್ಡ್, ಬ್ರೌಸರ್ ಟ್ಯಾಬ್ ಎಲ್ಲ ಕಡೆಗಳಲ್ಲೂ ನೆನಪಿಟ್ಟು ಸರಿಪಡಿಸಬೇಕು.

ಪುಟದ ವಿಳಾಸದ ಸಂಗತಿ ಇನ್ನೂ ಗಂಭೀರವಾದದ್ದು. ಶೀರ್ಷಿಕೆಯಿಂದ ವರ್ಡ್‌ಪ್ರೆಸ್ ತಾನಾಗಿ ಮಾಡಿಕೊಳ್ಳುವ ವಿಳಾಸಕ್ಕೆ 200 ಸ್ಥಾನಗಳ ಮಿತಿಯಿದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕು, ವಿಳಾಸದಲ್ಲಿ ಒಂದೊಂದು ಬೈಟ್ (%E0 ಎಂಬಂತೆ) 3 ಸ್ಥಾನ ಹಿಡಿಯುತ್ತದೆ. ಅಂದರೆ ಒಂದು ಚಿಹ್ನೆಗೆ 9 ಸ್ಥಾನ, ಒಟ್ಟು 22 ಚಿಹ್ನೆಗಳಿಗೆ ಮಿತಿ ಮುಗಿಯಿತು. ಒತ್ತು, ಕೊಂಬು, ದೀರ್ಘಗಳೂ ಇಲ್ಲಿ ಪ್ರತ್ಯೇಕ ಚಿಹ್ನೆಗಳೇ. ‘ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ’ ಎಂಬ ಶೀರ್ಷಿಕೆಯ ವಿಳಾಸ ‘ಬೀದರ್-ಕೋಟೆಯ-ಮಣ್ಣು-ಮತ್ತು-ನ’ ಎಂಬಲ್ಲಿಗೆ ನಿಂತುಬಿಡುತ್ತದೆ. ಬಿದ್ರಿಯ ಕಪ್ಪು ಬಣ್ಣದ ಗುಟ್ಟೇ ಆ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಮಿಶ್ರಣದಲ್ಲಿರುವಾಗ, ವಿಳಾಸದಲ್ಲಿ ಆ ಪದ ‘ನ’ಕ್ಕೇ ಮುಗಿಯುವುದನ್ನು ಒಪ್ಪುವುದು ಹೇಗೆ? ಪ್ರತಿ ಲೇಖನಕ್ಕೂ ವಿಳಾಸವನ್ನು ಕೈಯಾರೆ, ಚಿಕ್ಕದಾಗಿ ಬರೆಯುವುದೊಂದೇ ನಾವು ಕಂಡುಕೊಂಡ ದಾರಿ.

ಸಾರಾಂಶದ ಕಥೆಯೂ ಇಂಥದ್ದೇ. ಬೇರೆ ಬರೆಯದಿದ್ದರೆ ವರ್ಡ್‌ಪ್ರೆಸ್ ಲೇಖನದ ಮೊದಲ 55 ಪದಗಳನ್ನು ಸಾರಾಂಶವಾಗಿ ಕೊಡುತ್ತದೆ. ಇಂಗ್ಲಿಷ್‌ಗೆ ಅದು ಹದವಾದ ಅಳತೆ; ವಿಭಕ್ತಿ, ಸಂಧಿ, ಸಮಾಸಗಳಿಂದ ಪದಗಳೇ ಉದ್ದವಾಗುವ ಕನ್ನಡದಲ್ಲಿ ಅದು ಮೊಬೈಲಿನ ಅರ್ಧ ಪರದೆಯನ್ನು ನುಂಗುತ್ತದೆ. ನಾವು 20 ಪದಗಳಿಗೆ ಇಳಿಸಿದೆವು.

ನನಗೆ ಅತಿ ಹೆಚ್ಚು ಕಲಿಸಿದ್ದು ಚಿತ್ರಗಳು. ತಾರಕಶಿ ಎಂಬ, ತಂತಿ ಕೂರಿಸುವ ಕೆಲಸದಲ್ಲಿ ಬೆಳ್ಳಿಯ ಎಳೆಗಳು ಕೂದಲಿನಷ್ಟು ತೆಳುವಾಗಿ, ಕಪ್ಪು ಹಿನ್ನೆಲೆಯ ಮೇಲೆ ಒಂದಕ್ಕೊಂದು ತೀರ ಹತ್ತಿರ ಕೂತಿರುತ್ತವೆ. ನಾನು ಮಾಡಿದ ಪುಟವನ್ನು ಮೊಬೈಲಿನಲ್ಲಿ ತೋರಿಸಿದಾಗ ಮನೆಯ ಹಿರಿಯರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ತಾರೆಲ್ಲ ಕೂಡಿ ಹೋಗ್ಯಾವಲ್ರೀ ಸರ, ಇದು ನಮ್ಮ ಕೈಕೆಲಸ ಅನ್ಸೂದಿಲ್ಲ” ಎಂದರು. ಅವರು ಹೇಳಿದ್ದು ನಿಜವಾಗಿತ್ತು, ತಪ್ಪು ನನ್ನ ಜೋಡಣೆಯದಾಗಿತ್ತು. ವರ್ಡ್‌ಪ್ರೆಸ್ ಸಣ್ಣ ಅಳತೆಯ ಜೆಪೆಗ್ ಪ್ರತಿಗಳನ್ನು ನೂರಕ್ಕೆ 82ರ ಗುಣಮಟ್ಟದಲ್ಲಿ ಮಾಡಿಕೊಳ್ಳುತ್ತದೆ. ನಾನು ಅಂಥ ಪ್ರತಿಯನ್ನೇ ನೆಕ್ಸ್ಟ್‌ಜೆಎಸ್‌ಗೆ ಕೊಟ್ಟಿದ್ದೆ, ಅದು ಮತ್ತೊಮ್ಮೆ 75ರ ಗುಣಮಟ್ಟಕ್ಕೆ ಇಳಿಸಿ ಓದುಗರಿಗೆ ಕಳಿಸುತ್ತಿತ್ತು. ಎರಡು ಸಲ ಹಿಂಡಿದ ಚಿತ್ರದಲ್ಲಿ ಎಳೆಗಳು ಉಳಿಯುವುದಾದರೂ ಹೇಗೆ? ಈಗ 2560 ಪಿಕ್ಸೆಲ್‌ಗಿಂತ ಚಿಕ್ಕದಾದ ಮೂಲ ಚಿತ್ರವನ್ನೇ ಏರಿಸುತ್ತೇವೆ, ಏಕೆಂದರೆ ಅದಕ್ಕಿಂತ ದೊಡ್ಡದನ್ನು ವರ್ಡ್‌ಪ್ರೆಸ್ ತಾನೇ ಕುಗ್ಗಿಸುತ್ತದೆ. ಮುಂದೆ ಆ ಮೂಲವನ್ನೇ ಬಳಸಿ, ಒಂದೇ ಸಲ, 90ರ ಗುಣಮಟ್ಟದಲ್ಲಿ ಇಳಿಸುತ್ತೇವೆ. ಕಡತ ಭಾರವಾಯಿತು, ಆದರೆ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕರಕುಶಲ ವಸ್ತುಗಳ ತಾಣ ಮಾಡುವವರು ಪುಟದ ವೇಗದ ಅಂಕಗಳಿಗಿಂತ ಮೊದಲು ಇದನ್ನು ನೋಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಉರ್ದು ಪುಟಗಳಲ್ಲಿ ಬಲದಿಂದ ಎಡಕ್ಕೆ ಎಂಬ ದಿಕ್ಕನ್ನು ಎಪಿಐಯಿಂದ ಬರುವ ಪಠ್ಯ ತನ್ನೊಂದಿಗೆ ತರುವುದಿಲ್ಲ. ಅದನ್ನು ನಾವೇ ಪುಟಕ್ಕೆ ಹೇಳಬೇಕು. ಉರ್ದು ಬರೆಯುವ ನಸ್ತಾಲೀಕ್ ಶೈಲಿಯ ಅಕ್ಷರಗಳು ಓರೆಯಾಗಿ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು. ಕನ್ನಡಕ್ಕೂ ಇಂಗ್ಲಿಷ್‌ನ ಅಂತರ ಸಾಲದು, ಶೀರ್ಷಿಕೆಯಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ.

ಹೊಗಳಬೇಕಾದ ಒಂದು ಮುಖ್ಯ ಸಂಗತಿಯೆಂದರೆ ಪುಟಗಳನ್ನು ಮೊದಲೇ ಕಟ್ಟಿಡುವ ನೆಕ್ಸ್ಟ್‌ಜೆಎಸ್‌ನ ವ್ಯವಸ್ಥೆ. ವರ್ಡ್‌ಪ್ರೆಸ್ ಇರುವ ಸರ್ವರ್ ಒಂದು ಸಂಜೆ ಪೂರ್ತಿ ನಿಂತಿದ್ದಾಗಲೂ ಅಂಗಡಿಯ ಪುಟಗಳು ತೆರೆಯುತ್ತಲೇ ಇದ್ದವು, ಗಿರಾಕಿಗಳಿಗೆ ಏನೂ ತಿಳಿಯಲಿಲ್ಲ. ಆರಂಭದಲ್ಲಿ ಪುಟಗಳು ಗಂಟೆಗೊಮ್ಮೆ ಹೊಸದಾಗುವಂತೆ ಇಟ್ಟಿದ್ದೆ. ಬೆಳ್ಳಿಯ ದರ ಏರಿದ ದಿನ ಅಂಗಡಿಯಲ್ಲಿ ಒಂದು ಬೆಲೆ, ತಾಣದಲ್ಲಿ ಇನ್ನೊಂದು ಬೆಲೆಯಾಗಿ ಮುಜುಗರವಾಯಿತು. ಈಗ ಆ ಹುಡುಗಿ ಉಳಿಸುವ ಗುಂಡಿ ಒತ್ತಿದ ಕೂಡಲೇ ವರ್ಡ್‌ಪ್ರೆಸ್ ನೆಕ್ಸ್ಟ್‌ಜೆಎಸ್‌ಗೆ ಸುದ್ದಿ ಮುಟ್ಟಿಸಿ ಆ ಒಂದು ಪುಟವನ್ನು ಮಾತ್ರ ಮತ್ತೆ ಕಟ್ಟಿಸುತ್ತದೆ.

ಒಂದೇ ಭಾಷೆಯ, ನಾಲ್ಕೈದು ಪುಟಗಳ ಅಂಗಡಿ ತಾಣಕ್ಕೆ ಇದನ್ನು ನಾನು ಸೂಚಿಸುವುದಿಲ್ಲ, ಒಳ್ಳೆಯ ಥೀಮ್ ಸಾಕು. ಹಲವು ಭಾಷೆ, ನೂರಾರು ಚಿತ್ರ, ಜೊತೆಗೆ ಕರೆದಾಗ ಸಿಗುವ ಡೆವಲಪರ್ ಇದ್ದರೆ ಧೈರ್ಯವಾಗಿ ಆರಿಸಿಕೊಳ್ಳಬಹುದು. ಕೆಲಸ ಒಪ್ಪುವ ಮೊದಲು ಮುನ್ನೋಟದ ಬಗ್ಗೆ ಮಾತ್ರ ಸ್ಪಷ್ಟವಾಗಿ ಮಾತನಾಡಿಕೊಳ್ಳಿ. ಪ್ರಕಟಿಸುವ ಮುನ್ನ ನೋಡುವ ಗುಂಡಿ, ನಾವು ಬದಲಿಸದಿದ್ದರೆ, ಇಂದಿಗೂ ವರ್ಡ್‌ಪ್ರೆಸ್ಸಿನ ಥೀಮನ್ನೇ ತೆರೆಯುತ್ತದೆ, ನಮ್ಮ ಪುಟವನ್ನಲ್ಲ. ಅದನ್ನು ನೆಕ್ಸ್ಟ್‌ಜೆಎಸ್‌ನ ಕಡೆಗೆ ತಿರುಗಿಸಲು ನನಗೆ ಪೂರ್ತಿ ಒಂದು ವಾರ ಹಿಡಿಯಿತು; ಅಲ್ಲಿಯವರೆಗೆ ಆ ಹುಡುಗಿ ಉರ್ದು ಸಾಲುಗಳನ್ನು ಎಡದಿಂದ ಬಲಕ್ಕೆ ಜೋಡಿಸಿದಂತೆ ನೋಡಿ, ತನ್ನದೇ ತಪ್ಪೆಂದು ತಿಳಿದು ಮತ್ತೆ ಮತ್ತೆ ಅಳಿಸಿ ಬರೆಯುತ್ತಿದ್ದಳು.