ತಿಗಣೆಗೆ ಯಾವುದು ಸರಿ: ಬಿಸಿಲೋ, ಬೇವೋ, ಸ್ಪ್ರೇಯೋ, ಹಬೆಯೋ?

ಮೊದಲ ಎರಡು ವಾರ ಸೊಳ್ಳೆ ಅಂದುಕೊಂಡೆವು. ಮಗಳ ಮೊಣಕೈ ಹತ್ತಿರ ಸಾಲಾಗಿ ಮೂರು ದದ್ದು, ಬೆಳಿಗ್ಗೆ ಎದ್ದ ಕೂಡಲೇ ಕೆರೆತ. ಸೊಳ್ಳೆ ಬತ್ತಿ ಬದಲಾಯಿಸಿದೆವು, ಪರದೆ ಕಟ್ಟಿದೆವು. ಆಮೇಲೆ ಒಂದು ದಿನ ಬಿಳಿ ಬೆಡ್‌ಶೀಟ್ ಮಡಚುವಾಗ ಅಂಚಿನಲ್ಲಿ ಕಪ್ಪು ಚುಕ್ಕಿಗಳು ಕಂಡವು, ಪೆನ್ನಿನ ಮೊನೆ ಊರಿದ ಹಾಗೆ. ಒದ್ದೆ ಬಟ್ಟೆಯಿಂದ ಉಜ್ಜಿದರೆ ಕಂದು ಬಣ್ಣ ಹರಡಿತು. ಅದು ತಿಗಣೆಯ ಹಿಕ್ಕೆ. ಅಂದರೆ ಅದು ಕುಡಿದು ಅರಗಿಸಿಕೊಂಡ ನಮ್ಮದೇ ರಕ್ತ.

ಆ ರಾತ್ರಿ ಎರಡು ಗಂಟೆಗೆ ಮೊಬೈಲ್ ಟಾರ್ಚ್ ಹಿಡಿದು ಮಂಚದ ತಲೆಕಡೆ ಹಲಗೆ ನೋಡಿದೆ. ಹಲಗೆ ಕಾಲಿಗೆ ಸೇರುವ ಸಂದಿನಲ್ಲಿ ಏಳೆಂಟು ತಿಗಣೆ ಒತ್ತೊತ್ತಾಗಿ ಕೂತಿದ್ದವು. ಪಕ್ಕದ ಸ್ಕ್ರೂ ತೂತಿನಲ್ಲಿ ಇನ್ನೂ ಮೂರು. ಒಂದನ್ನು ಹೊಸಕಿದಾಗ ಬಂದ ಆ ವಾಸನೆ ಮೂಗಿನಿಂದ ಎರಡು ದಿನ ಹೋಗಲಿಲ್ಲ.

ನಾವಿರುವುದು ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯಲ್ಲಿ. ಮೇ ಕೊನೆಯಲ್ಲಿ ಸೆಕೆಂಡ್ ಹ್ಯಾಂಡ್ ತೇಗದ ಮಂಚ ತಂದಿದ್ದೆವು. ಅದರ ಜೊತೆಗೇ ಬಂದಿದ್ದವು. ಕೊಳಕು ಮನೆಗೆ ಮಾತ್ರ ತಿಗಣೆ ಬರುತ್ತದೆ ಅನ್ನೋದು ಸುಳ್ಳು. ಹಳೇ ಮಂಚ, ಸೋಫಾ, ಪ್ರಯಾಣದ ಬ್ಯಾಗು, ಹಾಸ್ಟೆಲ್‌ನಿಂದ ಬಂದ ಹಾಸಿಗೆ, ಯಾವುದರಲ್ಲಾದರೂ ಬರಬಹುದು. ನಾಚಿಕೆಪಟ್ಟು ಮುಚ್ಚಿಟ್ಟರೆ ಅವು ಬೆಳೆಯುತ್ತವೆ, ಅಷ್ಟೇ.

ಮೂರು ತಿಂಗಳಲ್ಲಿ ಒಂದೊಂದಾಗಿ ಎಲ್ಲಾ ಮಾಡಿ ನೋಡಿದೆ. ಹೋಲಿಸುವ ಮೊದಲು ಒಂದು ಮಾತು. ತಿಗಣೆ ಸಾಯಿಸೋದು ಕಷ್ಟವಲ್ಲ, ಮೊಟ್ಟೆ ಸಾಯಿಸೋದು ಕಷ್ಟ. ಮೊಟ್ಟೆ ಬಿಳಿ, 1 ಮಿಲಿಮೀಟರ್ ಉದ್ದ, ಸಂದಿನೊಳಗೆ ಅಂಟಿಕೊಂಡಿರುತ್ತದೆ. ಒಡೆಯೋಕೆ ಹೆಚ್ಚೂಕಡಿಮೆ 6ರಿಂದ 10 ದಿನ ಬೇಕು. ಮರಿ ದೊಡ್ಡದಾಗುವ ಮೊದಲು ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲಕ್ಕೂ ರಕ್ತ ಬೇಕು. ದೊಡ್ಡದು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹಾಗಾಗಿ ನಾನು ಪ್ರತಿಯೊಂದನ್ನೂ ಒಂದೇ ಪ್ರಶ್ನೆಯಿಂದ ಅಳೆದೆ: ಹತ್ತು ದಿನ ಬಿಟ್ಟು ಟಾರ್ಚ್ ಹಿಡಿದಾಗ ಮರಿ ಕಾಣುತ್ತಾ?

ಮೊದಲು ಬಿಸಿಲು. ಅಮ್ಮ ರಾಯಚೂರಿನವಳು. ಫೋನಿನಲ್ಲಿ ಹೇಳಿದ್ದು ಒಂದೇ ಮಾತು, "ಯವ್ವಾ, ಗಾದಿ ಮಾಳಿಗಿ ಮ್ಯಾಲ ಬಿಸಿಲಿಗೆ ಹಾಕು, ಎಲ್ಲಾ ಸಾಯ್ತಾವ." ಅವಳ ಊರಿನಲ್ಲಿ ಅದು ನಿಜ. ಮೇ ತಿಂಗಳಲ್ಲಿ ಅಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಮಾಳಿಗೆ ಮೇಲೆ ಕಾಲಿಡೋಕೆ ಆಗಲ್ಲ. ಬೆಂಗಳೂರಿನ ಜೂನ್‌ನಲ್ಲಿ ಮೋಡ, ನಡುವೆ ಒಂದು ಗಂಟೆ ಬಿಸಿಲು, ಆಮೇಲೆ ತುಂತುರು. ತಿಗಣೆ ಮತ್ತು ಮೊಟ್ಟೆ ಎರಡೂ ಸಾಯಬೇಕಾದರೆ 50 ಡಿಗ್ರಿ ಹತ್ತಿರದ ಬಿಸಿ ಬೇಕು. 48ರ ಆಸುಪಾಸಿನಲ್ಲಾದರೆ ಒಂದೂವರೆ ಗಂಟೆ ಅದೇ ಬಿಸಿಯಲ್ಲಿ ಇರಬೇಕು. ನಾನು ಹಾಸಿಗೆಯನ್ನು ಮೂರು ದಿನ ಟೆರೇಸಿನಲ್ಲಿ ಹಾಕಿದೆ. ಮೇಲ್ಮೈ ಬೆಚ್ಚಗಾಯಿತು, ಮಗುಚಿದರೆ ಕೆಳಗೆ ತಣ್ಣಗೆ. ತಿಗಣೆ ಸುಮ್ನೆ ತಣ್ಣಗಿರುವ ಕಡೆಗೆ ನಡೆದಿದ್ದವು. ಸಣ್ಣ ಸಾಮಾನಿಗೆ ಮಾತ್ರ ಬಿಸಿಲು ಉಪಯೋಗಕ್ಕೆ ಬಂತು: ದಿಂಬು, ಮಗಳ ಬಟ್ಟೆ ಗೊಂಬೆಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಳ್ಳೆ ಬಿಸಿಲಿನ ದಿನ ಇಡೀ ಮಧ್ಯಾಹ್ನ ಇಟ್ಟೆ.

ಅಮ್ಮ ಹೊಲಿದ ಕೌದಿ ಬಗ್ಗೆ ನನಗೆ ಜಾಸ್ತಿ ಭಯ ಇತ್ತು. ಹಳೇ ಸೀರೆಗಳ ಪದರ, ಅದರ ಮೇಲೆ ಸಾಲು ಸಾಲು ಹೊಲಿಗೆ. ತಿಗಣೆಗೆ ಅದಕ್ಕಿಂತ ಒಳ್ಳೆ ಮನೆ ಬೇಕಾ? ಎಸೆಯೋಕೆ ಮನಸ್ಸು ಬರಲಿಲ್ಲ. ಚೀಲದಲ್ಲಿ ಕಟ್ಟಿ ಲಾಂಡ್ರಿಗೆ ಒಯ್ದು, ಬಿಸಿ ನೀರಿನಲ್ಲಿ ಒಗೆಸಿ, ಡ್ರೈಯರ್‌ನಲ್ಲಿ ಜೋರು ಬಿಸಿಯಲ್ಲಿ ಮುಕ್ಕಾಲು ಗಂಟೆ ಹಾಕಿಸಿದೆ. ಬಣ್ಣ ಸ್ವಲ್ಪ ಮಂಕಾಯಿತು, ಕೌದಿ ಉಳಿಯಿತು. ಬಟ್ಟೆಗೆ ಇದನ್ನು ಮೀರಿಸಿದ್ದು ಇಲ್ಲ.

ಬೇವಿನೆಣ್ಣೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೀರು, ಎರಡು ಹನಿ ಪಾತ್ರೆ ಸೋಪು, ಬೇವಿನೆಣ್ಣೆ ಸೇರಿಸಿ ಸಂದಿಗೆ ಹೊಡೆದೆ. ಮೈಮೇಲೆ ಬಿದ್ದ ಕೆಲವು ಸತ್ತವು. ಒಂದು ವಾರ ಕೋಣೆಯಲ್ಲಿ ಮಲಗೋಕೆ ಆಗದಷ್ಟು ಕಹಿ ವಾಸನೆ. ಹನ್ನೊಂದನೇ ದಿನ ಮರಿಗಳು ಕಂಡವು. ಲಕ್ಕಿ ಸೊಪ್ಪು ಹಾಸಿಗೆ ಕೆಳಗೆ ಇಟ್ಟೆ, ಅದರಿಂದಲೂ ವ್ಯತ್ಯಾಸ ಕಾಣಲಿಲ್ಲ.

ಅಂಗಡಿ ಸ್ಪ್ರೇ ಮೊದಲ ರಾತ್ರಿ ಸಮಾಧಾನ ಕೊಡುತ್ತದೆ. ಬೆಳಿಗ್ಗೆ ನೆಲದ ಮೇಲೆ ಹತ್ತು ಸತ್ತು ಬಿದ್ದಿದ್ದು ನೋಡಿ ಗೆದ್ದೆ ಅಂದುಕೊಂಡೆ. ಐದು ದಿನಕ್ಕೆ ಕಿಟಕಿ ಚೌಕಟ್ಟಿನಲ್ಲಿ, ಸ್ವಿಚ್ ಬೋರ್ಡ್ ಹಿಂದೆ ತಿಗಣೆ ಕಂಡವು. ಮುಂಚೆ ಅಲ್ಲಿ ಇರಲಿಲ್ಲ. ಮಂಚದಲ್ಲಿದ್ದದ್ದನ್ನು ನಾನೇ ಗೋಡೆಗೆ ಓಡಿಸಿದ್ದೆ. ಇಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರಿಥ್ರಾಯ್ಡ್ ಗುಂಪಿನ ಔಷಧಿ. ಅದಕ್ಕೆ ಬಗ್ಗದ ತಿಗಣೆಗಳು ಎಷ್ಟೋ ದೇಶಗಳಲ್ಲಿ ಇವೆ. 1940ರ ದಶಕದಲ್ಲಿ ಡಿಡಿಟಿ ಅನ್ನೋ ಕೀಟನಾಶಕ ಬಂದಾಗಲೂ ಕೆಲವೇ ವರ್ಷಗಳಲ್ಲಿ ತಿಗಣೆ ಅದನ್ನು ತಡೆದುಕೊಳ್ಳೋದನ್ನು ಕಲಿತಿತ್ತು. ಡಬ್ಬಿ ಮೇಲೆ ಡಬ್ಬಿ ತಂದು ಮಗು ಮಲಗುವ ಹಾಸಿಗೆಗೆ ಹೊಡೆಯೋದು ನನಗೆ ಸರಿ ಕಾಣಲಿಲ್ಲ, ನಿಲ್ಲಿಸಿದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಒಬ್ಬರು ನನಗೆ "ಕಾಳಿಗೆ ಇಡೋ ಮಾತ್ರೆ ಇಟ್ಟು ಬಾಗಿಲು ಹಾಕಿಬಿಡಿ" ಅಂತ ಸಲಹೆ ಕೊಟ್ಟರು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಆ ವಿಷಕ್ಕೆ ಮದ್ದಿಲ್ಲ. ಬಾಗಿಲ ಸಂದಿನಿಂದ, ಗೋಡೆ ಬಿರುಕಿನಿಂದ ಪಕ್ಕದ ಕೋಣೆಗೂ ಹೋಗುತ್ತದೆ, ಮಲಗಿದವರು ಏಳೋದಿಲ್ಲ. ಅದನ್ನು ಹೋಲಿಕೆಯಲ್ಲಿ ಸೇರಿಸುವುದೇ ಇಲ್ಲ. ದಯವಿಟ್ಟು ಮನೆಯೊಳಗೆ ತರಬೇಡಿ. ಸೀಮೆಎಣ್ಣೆ, ಸ್ಪಿರಿಟ್ ಕೂಡ ಬೇಡ. ಮಂಚಕ್ಕೆ ಸುರಿದ ಮೇಲೆ ಒಂದು ಕಿಡಿ ಸಾಕು.

ಕೊನೆಗೆ ಉಳಿದದ್ದು ಎರಡು: ಪೆಸ್ಟ್ ಕಂಟ್ರೋಲ್ ಮತ್ತು ಹಬೆ. ನಿಜವಾದ ಪೈಪೋಟಿ ಇವೆರಡರ ನಡುವೆ.

ಪೆಸ್ಟ್ ಕಂಟ್ರೋಲ್‌ನವರನ್ನು ಎರಡು ಸಲ ಕರೆಸಿದೆ, ಬೇರೆ ಬೇರೆಯವರನ್ನು. ಮೊದಲು ಬಂದವರು 1,200 ರೂಪಾಯಿ ತೆಗೆದುಕೊಂಡರು. ಮಂಚ ಬಿಚ್ಚಲಿಲ್ಲ, ಹಾಸಿಗೆ ಎತ್ತಲಿಲ್ಲ, ಇಪ್ಪತ್ತು ನಿಮಿಷದಲ್ಲಿ ನೆಲದ ಅಂಚಿಗೆ ಹೊಡೆದು ಹೊರಟರು. ದುಡ್ಡು ನೀರಿಗೆ ಹಾಕಿದ ಹಾಗಾಯಿತು. ಎರಡನೆಯವರು 2,800 ಹೇಳಿದರು, 15 ದಿನ ಬಿಟ್ಟು ಇನ್ನೊಂದು ಸಲ ಬರುವುದೂ ಸೇರಿ. ಬಂದ ಹುಡುಗ ಮೊದಲು ಮಾಡಿದ ಕೆಲಸ ಸ್ಕ್ರೂಡ್ರೈವರ್ ತೆಗೆದು ತಲೆಕಡೆ ಹಲಗೆ ಬಿಚ್ಚಿದ್ದು. ಅಲ್ಲೇ ನನಗೆ ನಂಬಿಕೆ ಬಂತು. ಸಂದು, ಸ್ಕ್ರೂ ತೂತು, ಗೋಡೆ ಬುಡದ ಪಟ್ಟಿಯ (ಸ್ಕರ್ಟಿಂಗ್) ಹಿಂದೆ, ಕಿಟಕಿ ಚೌಕಟ್ಟು, ಎಲ್ಲಾ ಕಡೆ ಹೊಡೆದ. ನಾಲ್ಕು ಗಂಟೆ ನಾವು ಹೊರಗೆ. ಒಂಬತ್ತನೇ ದಿನ ಹುಲ್ಲಿನ ಬಣ್ಣದ, ಎಳ್ಳಿಗಿಂತ ಸಣ್ಣ ಮರಿ ಎರಡು ಕಂಡವು. ಔಷಧಿ ಮೊಟ್ಟೆಗೆ ತಾಗಿರಲಿಲ್ಲ. ಎರಡನೇ ಸಲ ಯಾಕೆ ಬೇಕು ಅಂತ ಆಗ ಅರ್ಥವಾಯಿತು. ಕರೆಸುವ ಮೊದಲು ನೀವು ಕೇಳಬೇಕಾದ್ದು ಎರಡೇ: ಮಂಚ ಬಿಚ್ಚುತ್ತೀರಾ? ಎರಡನೇ ಸಲ ಬರುತ್ತೀರಾ?

ಆ ನಡುವಿನ ದಿನಗಳಲ್ಲಿ ನಾನು ಹಬೆ ಹಿಡಿದೆ. ಬಟ್ಟೆಗೆ ಹಬೆ ಹಿಡಿಯುವ ಕೈ ಸ್ಟೀಮರ್, 1,900 ರೂಪಾಯಿ. ಮೊದಲ ದಿನ ತಪ್ಪು ಮಾಡಿದೆ. ಬೇಗ ಬೇಗ ಓಡಿಸಿದೆ, ಹಬೆಯ ರಭಸಕ್ಕೆ ಮರಿಗಳು ಹಾರಿ ಬಿದ್ದವು. ಆಮೇಲೆ ಸ್ಟೀಮರ್ ಬಾಯಿಗೆ ಹಳೇ ಬನಿಯನ್ ತುಂಡು ಕಟ್ಟಿ, ಸಂದಿಗೆ ಒತ್ತಿ ಹಿಡಿದು, ಇರುವೆ ನಡೆದ ಹಾಗೆ ನಿಧಾನವಾಗಿ ಎಳೆದೆ. ಹಾಸಿಗೆ ಅಂಚಿನ ಹೊಲಿಗೆ ಒಂದು ಸುತ್ತು ಮುಗಿಸೋಕೆ ಒಂದು ಗಂಟೆ. ಆದರೆ ಹಬೆ ತಾಗಿದ ಕಡೆ ಮೊಟ್ಟೆಯೂ ಉಳಿಯಲಿಲ್ಲ, ಹತ್ತು ದಿನ ಬಿಟ್ಟು ನೋಡಿದಾಗಲೂ ಖಾಲಿ. ವಿಷ ಇಲ್ಲ, ವಾಸನೆ ಇಲ್ಲ, ಒಣಗಿದ ಮೇಲೆ ಮಗಳನ್ನು ಅದೇ ಹಾಸಿಗೆಯಲ್ಲಿ ಮಲಗಿಸಬಹುದು. ಕೊರತೆಯೂ ಇದೆ. ಸ್ವಿಚ್ ಬೋರ್ಡ್ ಹತ್ತಿರ ಒಯ್ಯಬಾರದು. ಗೋಡೆ ಬಿರುಕಿನ ಆಳಕ್ಕೆ ಹೋಗಲ್ಲ. ಪ್ಲೈವುಡ್ ಮಂಚವಾದರೆ ಉಬ್ಬಿಕೊಳ್ಳುತ್ತದೆ. ನಮ್ಮದು ತೇಗ, ತಡೆಯಿತು.

ನನ್ನ ತೀರ್ಪು ಇದು. ತಿಗಣೆ ಇನ್ನೂ ಒಂದೇ ಮಂಚದಲ್ಲಿದ್ದರೆ ಹಬೆ ಸಾಕು, ವಾರಕ್ಕೊಮ್ಮೆ ನಾಲ್ಕೈದು ವಾರ ಹಿಡಿಯಬೇಕು. ಗೋಡೆಗೆ ಹತ್ತಿದ್ದರೆ ಪೆಸ್ಟ್ ಕಂಟ್ರೋಲ್ ಬೇಕೇ ಬೇಕು, ಹಬೆ ಅದರ ಜೊತೆಗೆ. ಮೊದಲೇ ಸ್ಪ್ರೇ ಹೊಡೆಯದೇ ಇದ್ದಿದ್ದರೆ ನಮಗೂ ಹಬೆಯಲ್ಲೇ ಮುಗಿಯುತ್ತಿತ್ತು ಅಂತ ಈಗಲೂ ಅನಿಸುತ್ತದೆ. ಮಂಚ ಎಸೆಯೋಣ ಅಂತ ಮನೆಯವರು ಹೇಳಿದ್ದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಗುತ್ತಿತ್ತು. ಬೀದಿಯಲ್ಲಿಟ್ಟರೆ ಇನ್ಯಾರೋ ಮನೆಗೆ ಒಯ್ಯುತ್ತಾರೆ, ಅಲ್ವಾ?

ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿದ್ದೇವೆ. ಬೆಡ್‌ಶೀಟ್ ನೆಲಕ್ಕೆ ತಾಗದ ಹಾಗೆ ಒಳಗೆ ಸಿಕ್ಕಿಸುತ್ತೇನೆ. ನಾಲ್ಕು ಕಾಲಿನ ಕೆಳಗೂ ನುಣುಪಾದ ಪ್ಲಾಸ್ಟಿಕ್ ಬಟ್ಟಲು, ಒಳಗೆ ಸೋಪಿನ ನೀರು. ಪ್ರತಿ ಶನಿವಾರ ಟಾರ್ಚ್ ಹಿಡಿದು ನೋಡುತ್ತೇನೆ. ಸೆಪ್ಟೆಂಬರ್ ಎರಡನೇ ವಾರ ಒಂದು ಸಿಕ್ಕಿತ್ತು. ಆಮೇಲೆ ಬಟ್ಟಲಿನಲ್ಲಿ ಧೂಳು ಮಾತ್ರ. ಮಗಳು ಈಗ ಅಜ್ಜಿಯ ಕೌದಿ ಹೊದ್ದು ಮಲಗುತ್ತಾಳೆ.