ಇಸಾಂಡ್ಲ್ವಾನ ಪದಕ ಕೊಳ್ಳುವ ಮುನ್ನ ಅಂಚು ನೋಡಿ

1879ರ ಜನವರಿ 22ರಂದು ದಕ್ಷಿಣ ಆಫ್ರಿಕಾದ ಇಸಾಂಡ್ಲ್ವಾನದಲ್ಲಿ ಜುಲು ಸೈನ್ಯದೆದುರು ಸತ್ತ ಬ್ರಿಟಿಷ್ 24ನೇ ರೆಜಿಮೆಂಟಿನ ಸಿಪಾಯಿಯ ಪದಕ ಅಂತ ಯಾರಾದರೂ ತೋರಿಸಿದರೆ ತಕ್ಷಣ ದುಡ್ಡು ಕಳಿಸಬೇಡಿ. ನಮ್ಮ ಸಂಗ್ರಾಹಕರ ಗುಂಪು ಕೊಂಡದ್ದರಲ್ಲಿ ಪದಕ ಅಸಲಿ, ಬೆಳ್ಳಿಯೂ ಅಸಲಿ, ಹೆಸರು ಮಾತ್ರ ಸುಳ್ಳು. ಬೇರೆ ಸಿಪಾಯಿಯ ಹೆಸರನ್ನು ಅರದಿಂದ ಉಜ್ಜಿ ತೆಗೆದು ಹೊಸದನ್ನು ಕೆತ್ತಿದ್ದರು.

ಆ ದಿನ ಬ್ರಿಟಿಷರ ಕಡೆ 1,300ಕ್ಕೂ ಹೆಚ್ಚು ಜನ ಸತ್ತರು. ಅವರ ಪದಕಕ್ಕೆ ಬೇರೆ ತುಕಡಿಯವರದಕ್ಕಿಂತ ಎಷ್ಟೋ ಪಟ್ಟು ಬೆಲೆ. ಸಂಖ್ಯೆ, ಹುದ್ದೆ, ಹೆಸರು, ರೆಜಿಮೆಂಟು ಎಲ್ಲವನ್ನೂ ಅಂಚಿನಲ್ಲಿ ಅಚ್ಚೊತ್ತದೆ ಕೆತ್ತಿರುವುದರಿಂದ ಮೋಸಗಾರನಿಗೆ ಕೆಲಸ ಸಲೀಸು.

ಮಾರಿದವರು ‘ರಣರಂಗದಲ್ಲಿ ಶವದ ಮೇಲೆ ಸಿಕ್ಕಿದ್ದು’ ಎಂಬ ಕಾಗದವನ್ನೂ ಕೊಟ್ಟಿದ್ದರು. ಜುಲು ಯುದ್ಧದ ಈ ಪದಕ ಜಾರಿಗೆ ಬಂದದ್ದೇ 1880ರಲ್ಲಿ! ಸತ್ತವನ ಎದೆಯ ಮೇಲೆ ಅದು ಒಂದು ದಿನವೂ ತೂಗಿಲ್ಲ, ಮನೆಯವರ ಕೈಗೆ ಹೋಯಿತು. ಹಾಗಾಗಿ ಮುಂಬದಿಯ ರಾಣಿ ವಿಕ್ಟೋರಿಯಾಳ ಕೆನ್ನೆ, ಹಿಂಬದಿಯ ಸಿಂಹದ ಭುಜ ಸವೆದು ನುಣುಪಾಗಿದ್ದು ಅಂಚಿನ ಅಕ್ಷರ ಮಾತ್ರ ಚೂಪಾಗಿದ್ದರೆ ಅನುಮಾನಿಸಿ. ಮನೆಯವರು ಉಜ್ಜಿ ಉಜ್ಜಿ ಸವೆಸಿದ್ದರೂ ಅಕ್ಷರ ಹಾಗೆ ಉಳಿಯುವುದು ಕಷ್ಟ.

ವ್ಯಾಸ 36 ಮಿ.ಮೀ. ಇರಬೇಕು. ಕ್ಯಾಲಿಪರನ್ನು ಒಂದೇ ಕಡೆ ಹಿಡಿದರೆ ಸಾಲದು, ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ. ನಮ್ಮದು ಮೇಲಿನಿಂದ ಕೆಳಕ್ಕೆ 36, ಅಡ್ಡಕ್ಕೆ 35.6 ಬಂತು. ಲೇತಿನಲ್ಲಿ ಸುತ್ತ ಸಮನಾಗಿ ತೆಗೆದಿದ್ದರೆ ಎಲ್ಲ ಕಡೆಯೂ ಒಂದೇ ಅಳತೆ ಬರುತ್ತದೆ, ಆದರೆ 36ಕ್ಕಿಂತ ಕಡಿಮೆ. ಆಗ ಮುಖದ ಉಬ್ಬಿದ ಅಂಚುಪಟ್ಟಿ ತೆಳ್ಳಗಾಗಿದೆಯೇ ನೋಡಿ. ಆಮೇಲೆ ಹತ್ತು ಪಟ್ಟಿನ ಲೆನ್ಸಿನಲ್ಲಿ ಅಂಚನ್ನು ಓರೆ ಬೆಳಕಿಗೆ ಹಿಡಿಯಿರಿ. ಅರದ ಸಣ್ಣ ಗೆರೆಗಳ ನಡುವೆ ಹಳೆಯ ಅಕ್ಷರವೊಂದರ ಬಾಲ ನಮಗೆ ಕಂಡಿತು. ಅದು ಯಾರ ಹೆಸರೋ, ಇನ್ನು ಯಾರೂ ಓದಲಾರರು. ಅದನ್ನು ನೆನೆದರೆ ದುಡ್ಡು ಹೋದದ್ದಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

ಹಿಂಬದಿಯ ಕೆಳಭಾಗದಲ್ಲಿ ಜುಲು ಗುರಾಣಿ, ಅಡ್ಡಡ್ಡ ಈಟಿಗಳಿರಬೇಕು. ಅಲ್ಲಿ 1853 ಅಂತಿದ್ದರೆ ಅದು ಹಿಂದಿನ ಯುದ್ಧಗಳ ಪದಕ.

ಹೆಸರು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಫ್ತರದ ಡಬ್ಲ್ಯೂ.ಓ. 100 ಎಂಬ, ಪದಕ ಪಡೆದವರ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ನಂಬಬೇಡಿ, ನಕಲಿ ಮಾಡುವವನೂ ಅದನ್ನೇ ನೋಡಿ ಹೆಸರು ಆರಿಸುತ್ತಾನೆ. ಸೇವಾ ಸಂಖ್ಯೆ ಹೊಂದುತ್ತದೆಯೇ, ಪಟ್ಟಿ ಹೇಳುವ ಕ್ಲಾಸ್ಪೇ (ರಿಬ್ಬನ್ ಮೇಲೆ ಕೂರುವ, ವರ್ಷ ಬರೆದ ಲೋಹದ ತುಂಡು) ಪದಕದ ಮೇಲೂ ಇದೆಯೇ ನೋಡಿ. ಯುದ್ಧಕ್ಕೂ ಮೊದಲೇ ಗಡಿಯಲ್ಲಿ ಹೋರಾಡಿದ್ದವರಿಗೆ ‘1877-8-9’, 1879ರಲ್ಲಷ್ಟೇ ಇದ್ದವರಿಗೆ ‘1879’. ಅದೇ ಸಿಪಾಯಿಯ ಪದಕ ವೇಲ್ಸಿನ ಬ್ರೆಕನ್ ಊರಿನ ರೆಜಿಮೆಂಟ್ ಮ್ಯೂಸಿಯಂನಲ್ಲಿ ಆಗಲೇ ಇದೆಯೇ ಎಂದೂ ಒಂದು ಪತ್ರ ಬರೆದು ಕೇಳಿ.

ರಸೀದಿಯಲ್ಲಿ ‘ಹೆಸರು ಮರುಕೆತ್ತಿದ್ದೆಂದು ತಿಳಿದರೆ ಪೂರ್ತಿ ಹಣ ವಾಪಸ್’ ಎಂದು ಬರೆಸಿಕೊಳ್ಳಿ. ಪರೀಕ್ಷೆ ಮುಗಿಯುವವರೆಗೆ ಪದಕಕ್ಕೆ ಪಾಲಿಶ್ ಹಾಕಬೇಡಿ, ಅರದ ಗೆರೆಯೂ ಮಾಸಿಹೋಗುತ್ತದೆ.